ಅಳಿಯಸಂತಾನದ ವೈರಸ್ಸುಗಳು

ನಮ್ಮ ಡೊಂಬಿವಲಿಯ ಮನೆಯ ಸಿಂಕಿನ ಕೆಳಗೆ ಇನ್ನೂ ಅರ್ಧ ಕ್ಯಾನ್ ಸ್ಯಾನಿಟೈಸರ್ ಉಳಿದಿದೆ. ಕೊರೋನಾ ಕಾಲದಲ್ಲಿ ಲೋಕವೇ ಮುಗಿಯುತ್ತದೆಂದು ಹೆದರಿ ತಂದಿಟ್ಟದ್ದು. ಲೋಕವೂ ಮುಗಿಯಲಿಲ್ಲ, ಕ್ಯಾನೂ ಮುಗಿಯಲಿಲ್ಲ. ಈಗ ನನ್ನ ಹೆಂಡತಿ ಜಯಂತಿ ಅದರಲ್ಲಿ ಫ್ಯಾನಿನ ರೆಕ್ಕೆ ಒರೆಸುತ್ತಾಳೆ. ಇವತ್ತು ಬೆಳಿಗ್ಗೆ ಅವಳು ಸ್ಟೂಲು ಹತ್ತಿದಳು, ಸ್ಟೂಲು ಹಿಡಿದುಕೊಳ್ಳುವ ಜವಾಬ್ದಾರಿ ನನ್ನದಾಯಿತು. ನಿವೃತ್ತ ಗಂಡನಿಗೆ ಇದಕ್ಕಿಂತ ದೊಡ್ಡ ಹುದ್ದೆಯನ್ನು ಯಾರು ಕೊಡುತ್ತಾರೆ ಹೇಳಿ. ಆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆದದ್ದೇ ತಡ, ತ್ಯಾಂಪಣ್ಣ ಮಾವ ಕಣ್ಣ ಮುಂದೆ ಬಂದು ನಿಂತರು. ಆ ದಿನಗಳಲ್ಲಿ ಅವರು ಮನೆಗೆ ಬಂದವರ ಕೈಗೆ ಮೊದಲು ಸ್ಯಾನಿಟೈಸರ್ ಸಿಂಪಡಿಸಿ, ಅದು ಒಣಗುವುದರೊಳಗೆ ಅವರ ಕುಲಗೋತ್ರ ವಿಚಾರಿಸಿ ಮುಗಿಸುತ್ತಿದ್ದರು.

ಮಾವ ಎಂದರೆ ನನಗೆ ರಕ್ತಸಂಬಂಧದ ಮಾವನೇನಲ್ಲ. ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು, ಮನೆ ಕೋಪರಖೈರಣೆಯಲ್ಲಿ. ಥಾಣೆಯಿಂದ ಪನ್ವೇಲಿನ ತನಕ ನಮ್ಮ ಸಮಾಜದವರಿಗೆಲ್ಲ ಅವರು ಮಾವನೇ. ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಬಾಗಿಲಲ್ಲಿ ಗಿರಾಕಿ ಕಂಡ ಕೂಡಲೇ ಇವನು ಚಹಾದವನೋ ಊಟದವನೋ ಎಂದು ತೀರ್ಮಾನಿಸಿಬಿಡುತ್ತಾರೆ. ಮಾವ ಆ ಚಾಳಿಯನ್ನು ಸಮಾಜಸೇವೆಗೆ ಎತ್ತಿಕೊಂಡಿದ್ದರು. ಯಾರೇ ಎದುರಾಗಲಿ, "ನೀವು ಯಾರ ಪೈಕಿ?" ಎನ್ನುವರು. ಅದು ಗೊತ್ತಾದ ಮೇಲೆ "ಬಳಿ ಯಾವುದು?" ಎನ್ನುವರು. ಉತ್ತರ ಸಿಗುವ ತನಕ ಎದುರಿನವನು ಮನುಷ್ಯನೇ ಎಂದು ಅವರಿಗೆ ಖಾತ್ರಿಯಾಗುತ್ತಿರಲಿಲ್ಲ. ಸಿಕ್ಕಿದ ಮೇಲೆ ಅವನು ಬದುಕಿದ್ದಾನೋ ಇಲ್ಲವೋ ಎಂಬ ಚಿಂತೆಯೂ ಇರುತ್ತಿರಲಿಲ್ಲ.

ಬಳಿ ಎಂದರೇನೆಂದು ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ತುಳುನಾಡಿನ ನಮ್ಮಂಥವರಿಗೆ ಒಬ್ಬೊಬ್ಬರಿಗೂ ಒಂದು ಬಳಿ ಇರುತ್ತದೆ. ಗೋತ್ರವಿದ್ದ ಹಾಗೆ ಎಂದುಕೊಳ್ಳಿ, ಆದರೆ ಅದು ಅಪ್ಪನಿಂದ ಬರುವುದಿಲ್ಲ, ಅಮ್ಮನಿಂದ ಬರುತ್ತದೆ. ಮಗಳ ಮಕ್ಕಳಿಗೆ ಹೋಗುತ್ತದೆ, ಮಗನ ಮಕ್ಕಳಿಗೆ ಹೋಗುವುದಿಲ್ಲ. ಈ ಕ್ರಮಕ್ಕೇ ಅಳಿಯಸಂತಾನ ಎನ್ನುವುದು. ಒಂದೇ ಬಳಿಯ ಹುಡುಗ ಹುಡುಗಿ ಅಣ್ಣ-ತಂಗಿಯ ಲೆಕ್ಕ, ಮದುವೆಯಾಗುವ ಹಾಗಿಲ್ಲ. ನನ್ನ ಅಮ್ಮ ಸಾಲೇರ ಬಳಿಯವಳು, ಆದ್ದರಿಂದ ನಾನೂ ಸಾಲೇರ. ಜಯಂತಿಯದು ಕೊಡೇರ ಬಳಿ ಎಂದು ಅವಳ ಅಪ್ಪ ಹೇಳಿದ್ದರು. ಎರಡನ್ನೂ ತೂಗಿ ನೋಡಿ "ಅಡ್ಡಿಯಿಲ್ಲ, ಮುಂದುವರಿಸಿ" ಎಂದು ಅಪ್ಪಣೆ ಕೊಟ್ಟು ನಮ್ಮ ಮದುವೆ ಮಾಡಿಸಿದವರು ಇದೇ ತ್ಯಾಂಪಣ್ಣ ಮಾವ.

ನಮಗೆ ಒಬ್ಬಳೇ ಮಗಳು, ನಮಿತಾ. ನಾನು ಥಾಣೆಯ ಔಷಧ ಕಂಪನಿಯ ಡಿಸ್ಪ್ಯಾಚ್ ವಿಭಾಗದಲ್ಲಿ ಪೆಟ್ಟಿಗೆಗಳನ್ನು ಊರಿನ ಪ್ರಕಾರ ಬೇರೆ ಮಾಡಿಸುತ್ತ ಹೊಟ್ಟೆ ಹೊರೆದವನು. ನನ್ನ ಮಗಳು ನವಿ ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ವೈರಸ್ಸುಗಳನ್ನು ಬೇರೆ ಮಾಡುತ್ತಾಳೆ. ಚರಂಡಿ ನೀರಿನಲ್ಲೋ ಬಾವಲಿಯ ಹಿಕ್ಕೆಯಲ್ಲೋ ಸೊಳ್ಳೆಯ ಹೊಟ್ಟೆಯಲ್ಲೋ ಹೊಸದೊಂದು ಆರ್‌ಎನ್‌ಎ ವೈರಸ್ ಸಿಕ್ಕಿತೆನ್ನಿ, ಅದು ಯಾವ ಕುಟುಂಬದ್ದು, ಯಾರಿಗೆ ಹತ್ತಿರ, ಯಾರಿಗೆ ದೂರ ಎಂದು ಕಂಪ್ಯೂಟರಿನ ಮುಂದೆ ಕೂತು ಹೇಳುವ ಕೆಲಸ. ಕೊರೋನಾ ಕಾಲದಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿಯಿಂದ ಹಿಡಿದು ಹಾಲಿನವನ ತನಕ ಎಲ್ಲರೂ ವೈರಸ್ ಪಂಡಿತರಾಗಿದ್ದರಲ್ಲ, ಆಗ ಇಡೀ ಕಟ್ಟಡದಲ್ಲಿ ಬಾಯಿ ಮುಚ್ಚಿಕೊಂಡಿದ್ದವಳು ಇವಳೊಬ್ಬಳೇ. ಇವಳನ್ನು ಯಾರೂ ಕೇಳಲೂ ಇಲ್ಲ. ವಾಟ್ಸಾಪ್ ಇರುವಾಗ ಮನೆಯೊಳಗಿನ ವಿಜ್ಞಾನಿ ಯಾರಿಗೆ ಬೇಕು.

ಕೇಳಿದವರು ಮಾವ ಮಾತ್ರ. ಒಂದು ಭಾನುವಾರ ನಮ್ಮಲ್ಲಿ ನೀರುದೋಸೆ ತಿನ್ನುತ್ತ, "ನೀನು ಎಂತ ನೋಡಿ ಬೇರೆ ಮಾಡುವುದು ಮಾರಾಯ್ತಿ? ಜ್ವರದ್ದು ಒಂದು ಜಾತಿ, ಭೇದಿಯದ್ದು ಒಂದು ಜಾತಿ, ಹಾಗಾ?" ಎಂದರು.

"ನಹೀ ಮಾವ," ಎಂದಳು ನಮಿತಾ. ಅವಳ ಕನ್ನಡಕ್ಕೆ ಹಿಂದಿಯ ಊರುಗೋಲು ಬೇಕು. "ಹಾಗೆ ಮಾಡಿಯೇ ಮೊದಲು ಘೋಟಾಳಾ ಆಗಿದ್ದು. ಕಾಮಾಲೆ ತರೋ ವೈರಸ್ಸಿಗೆ ಎ, ಬಿ, ಸಿ, ಇ ಅಂತ ಹೆಸರಿಟ್ಟರು. ಎಲ್ಲ ಭಾಯಿ-ಭಾಯಿ ಅಂತ ಲಗ್ತಾ ಹೈ. ನೋಡಿದ್ರೆ ನಾಲ್ಕೂ ಅಲಗ್ ಖಾನ್‌ದಾನ್, ಬಿ ಅಂತೂ ಆರ್‌ಎನ್‌ಎ ಪೈಕಿಯೇ ಅಲ್ಲ. ಅದೇ ಪೋಲಿಯೋ ನೋಡಿ, ನಮ್ಮ ಮಾಮೂಲಿ ನೆಗಡಿ ತರೋದಕ್ಕೆ ಅದು ಸಗಾ ಸಂಬಂಧಿ."

"ಊರು ನೋಡ್ತೀರಾ ಹಾಗಾದರೆ?"

"ಊರೂ ಇಲ್ಲ. ಹೊಸ ಕಾಯಿಲೆಗೆ ಊರಿನ ಹೆಸರು ಇಡಬಾರದು ಅಂತ ಈಗ ರೂಲ್ ಇದೆ, ಊರಿನವರು ಜಗಳಕ್ಕೆ ಬರ್ತಾರೆ. ಮತ್‌ಲಬ್ ಹೇಗೆ ಅಂದ್ರೆ, ವೈರಸ್ಸಿನ ಮೈಯಲ್ಲಿ ಎಲ್ಲ ಬದಲಾಗ್ತಾ ಇರುತ್ತೆ. ಕೋಟು ಬದಲಾಗುತ್ತೆ, ಯಾರ ಹೊಟ್ಟೆಯಲ್ಲಿ ಇರುತ್ತೆ ಅದೂ ಬದಲಾಗುತ್ತೆ. ಆದರೆ ಈ ಆರ್‌ಎನ್‌ಎ ಪೈಕಿ ಎಲ್ಲರ ಹತ್ತಿರ ಒಂದು ಚೀಜ್ ಇದ್ದೇ ಇರುತ್ತೆ, ತನ್ನದೇ ಕಾಪಿ ತೆಗೆಯೋ ಮಶೀನಿನ ನಕ್ಷೆ. ಅದು ಇಲ್ಲದೆ ವಂಶ ಬೆಳೆಯೋದಿಲ್ಲ. ಆ ನಕ್ಷೆ ಪಕ್ಕ ಪಕ್ಕ ಇಟ್ಟು ಎಷ್ಟು ಹೋಲುತ್ತೆ ನೋಡ್ತೀವಿ. ಕೋಟು ಬೇರೆ ಖಾನ್‌ದಾನಿನಿಂದ ಎತ್ತಿಕೊಂಡು ಬಂದಿದ್ರೂ ಪರವಾಗಿಲ್ಲ, ದೊಡ್ಡ ದೊಡ್ಡ ಕುಟುಂಬ ಹೇಳೋಕೆ ಮಶೀನ್ ಯಾರದ್ದು ಅಂತ ಕೇಳ್ತೀವಿ."

ಮಾವ ಕೈಯಲ್ಲಿದ್ದ ದೋಸೆಯ ತುಂಡನ್ನು ಬಟ್ಟಲಿಗೆ ಹಾಕಿ ಕಣ್ಣರಳಿಸಿದರು. "ಅಂದರೆ ಮೂಗು ಅಪ್ಪನದ್ದು, ಸಿಟ್ಟು ಅಪ್ಪನದ್ದು, ಆದರೂ ಬಳಿ ಅಮ್ಮನದ್ದೇ. ಇದು ಶುದ್ಧ ಅಳಿಯಸಂತಾನ ಮಾರಾಯ್ತಿ."

ಅಂದಿನಿಂದ ನಮ್ಮ ಸಮಾಜದ ಪ್ರತಿ ಸಭೆಯಲ್ಲೂ ಮಾವನ ಭಾಷಣ ಶುರುವಾಯಿತು. ವೈರಸ್ಸುಗಳೂ ನಮ್ಮ ಕ್ರಮವನ್ನೇ ಪಾಲಿಸುತ್ತವೆ, ವಿಜ್ಞಾನ ಒಪ್ಪಿಕೊಂಡಿದೆ, ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಕೂತವರು ಚಪ್ಪಾಳೆ ತಟ್ಟಿದರು. ಲಕ್ಷಗಟ್ಟಲೆ ಜನರನ್ನು ಕೊಂದ ಜಾತಿಯೊಂದು ತಮ್ಮ ಪದ್ಧತಿಯದ್ದೆಂದು ಕೇಳಿ ಹೆಮ್ಮೆಪಟ್ಟವರು ಭೂಮಿಯ ಮೇಲೆ ನಾವೇ ಇರಬೇಕು.

ಆ ಭಾನುವಾರ ನಮಿತಾ ಇನ್ನೊಂದು ಮಾತನ್ನೂ ಹೇಳಿದ್ದಳು. ಹೋಲಿಕೆ ವೈರಸ್ಸುಗಳದ್ದು, ಆದರೆ ಇಲ್ಲಿಗೆ ಒಂದು ಕುಟುಂಬ ಮುಗಿಯಿತು ಎಂದು ಗೆರೆ ಎಳೆಯುವವರು ನಾವು. ಅದಕ್ಕೆ ಜಗತ್ತಿನ ಮಟ್ಟದ ಕಮಿಟಿ ಇದೆ, ಅರ್ಜಿ ಹೋಗುತ್ತದೆ, ಚರ್ಚೆಯಾಗುತ್ತದೆ, ವೋಟು ಬೀಳುತ್ತದೆ, ಹೊಸ ಮಾಹಿತಿ ಸಿಕ್ಕರೆ ಗೆರೆ ಅಳಿಸಿ ಬೇರೆ ಕಡೆ ಎಳೆಯುತ್ತಾರೆ. ಮಾವ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರಿಗೆ ಬೇಕಾದ ಅರ್ಧ ಆಗಲೇ ಸಿಕ್ಕಿತ್ತು. ಕೇಳಿಸಿಕೊಂಡವಳು ನನ್ನ ಅಮ್ಮ, ಸುಂದರಿ. ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತ, "ಕಮಿಟಿ ಬಳಿ ಬದಲಾಯಿಸಿದ್ದು ಆ ವೈರಸ್ಸಿಗೆ ಗೊತ್ತಾಗ್ತದಾ?" ಎಂದು ಮೊಮ್ಮಗಳನ್ನು ಕೇಳಿದಳು. ಇಲ್ಲ ಎಂದಳು ನಮಿತಾ. "ಹಾಗಾದರೆ ಅದೇ ಸುಖಿ," ಎಂದಳು ಅಮ್ಮ.

ಎರಡು ಮೂರು ವರ್ಷ ಕಳೆದು ನಮಿತಾಳಿಗೆ ಪ್ರಸಾದ್ ಸಿಕ್ಕಿದ. ಸೀವುಡ್ಸ್ ಸ್ಟೇಷನ್ನಿನ ಹತ್ತಿರ ಅವರ ಹೋಟೆಲು, ನಮ್ಮದೇ ಸಮಾಜ, ಹುಡುಗ ಚೆನ್ನ, ಮಾತು ಕಡಿಮೆ. ಮಗಳು ತಾನಾಗಿಯೇ ಹುಡುಕಿಕೊಂಡವನು ನಮ್ಮವನೇ ಆಗಿಬಿಟ್ಟನಲ್ಲ ಎಂದು ನಾನು ಒಳಗೊಳಗೆ ಬೀಗಿದೆ. ಪ್ರಸಾದನ ತಾಯಿ ಬಂದರು, ಬೊಂಡ ತಿಂದರು, ಬಳಿ ಕೇಳಿದರು. ಕೊಡೇರ ಎಂದಳು ಜಯಂತಿ. ಆ ತಾಯಿ ಕೈ ತೊಳೆದುಕೊಂಡು, "ನಮ್ಮದೂ ಕೊಡೇರವೇ, ಅಣ್ಣ-ತಂಗಿ ಆಯಿತಲ್ಲ, ಆಗುವುದಿಲ್ಲ," ಎಂದು ಚಪ್ಪಲಿ ಮೆಟ್ಟಿದರು. ಪ್ರಸಾದ್ ಒಳ್ಳೆಯ ಹುಡುಗ ಎಂದೆನಲ್ಲ, ಒಳ್ಳೆಯ ಹುಡುಗರ ಕಷ್ಟವೇ ಇದು, ತಾಯಿಯ ಮಾತು ಮೀರುವುದಿಲ್ಲ. ನಮಿತಾ ಮೊದಲು ನಕ್ಕಳು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತಳು. ಅವನಲ್ಲದೆ ಬೇರೆ ಯಾರೂ ಬೇಡ ಎಂದಳು, ಊಟ ಬಿಟ್ಟಳು, ಸೊರಗಿದಳು. ಒಬ್ಬಳೇ ಮಗಳು ಕಣ್ಣೆದುರು ಒಣಗುವುದನ್ನು ನೋಡುವುದು ಶತ್ರುವಿಗೂ ಬೇಡ.

ಆದರೆ ಅವಳ ಕಸುಬು ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಹೊಸ ವೈರಸ್ಸಿನ ಮೂಲ ಹುಡುಕುವ ಹಾಗೆ ಒಂದು ರಜೆಯ ದಿನ ಕಲ್ಯಾಣಕ್ಕೆ, ಜಯಂತಿಯ ತಾಯಿಯ ಮನೆಗೆ ಹೋದಳು. "ಅಜ್ಜಿ, ನಿಮ್ಮ ಅಮ್ಮನ ಬಳಿ ಯಾವುದು?" ಎಂದು ಕೇಳಿದಳು. ಸಾಲೇರ ಎಂದರು ಅಜ್ಜಿ. ಅಜ್ಜಿ ಸಾಲೇರವಾದರೆ ಅವರ ಮಗಳು ಜಯಂತಿ ಸಾಲೇರ, ಜಯಂತಿಯ ಮಗಳು ನಮಿತಾ ಸಾಲೇರ. ಹಾಗಾದರೆ ಕೊಡೇರ ಎಲ್ಲಿಂದ ಬಂತು? ನನ್ನ ಮಾವನವರಿಂದ, ಅಂದರೆ ಜಯಂತಿಯ ಅಪ್ಪನಿಂದ. ಪಾಪ, ಅವರು ಸಣ್ಣವರಿರುವಾಗಲೇ ಕಲ್ಯಾಣಕ್ಕೆ ಬಂದವರು. ಅಕ್ಕಪಕ್ಕ ಎಲ್ಲ ಮರಾಠಿಗರು. ಇಲ್ಲಿ ಮಕ್ಕಳ ಹೆಸರಿನ ಮಧ್ಯೆ ಅಪ್ಪನ ಹೆಸರು, ಕೊನೆಗೆ ಅಪ್ಪನ ಅಡ್ಡಹೆಸರು. ಸತ್ಯನಾರಾಯಣ ಪೂಜೆಗೆ ಬಂದ ಭಟಜಿ ಗೋತ್ರ ಕೇಳಿದಾಗ ಅವರು ಮನೆಮಂದಿಗೆಲ್ಲ ಸೇರಿಸಿ ತಮ್ಮ ಬಳಿ ಹೇಳಿಬಿಟ್ಟರು. ವರ್ಷ ವರ್ಷ ಅದೇ ಹೇಳಿ ಹೇಳಿ ಮಗಳೂ ಅದನ್ನೇ ಕಲಿತಳು. ಹೀಗೆ ಅಮ್ಮನಿಂದ ಬರಬೇಕಾದ ಬಳಿ ಕಲ್ಯಾಣದಲ್ಲಿ ಗಾಡಿ ಬದಲಾಯಿಸಿ ಅಪ್ಪನ ಕಡೆಯಿಂದ ಬಂತು.

"ಅಮ್ಮನ ಮದುವೆಯಲ್ಲಿ ನೀವು ಯಾಕೆ ಹೇಳಲಿಲ್ಲ ಅಜ್ಜಿ?" ಎಂದು ನಮಿತಾ ಕೇಳಿದಳಂತೆ.

"ಕೇಳಿದ್ದು ಯಾರು? ಗಂಡಸರೆಲ್ಲ ಚಾವಡಿಯಲ್ಲಿ ಬಳಿ ಮಾತಾಡ್ತಾ ಇದ್ದರು, ನಾನು ಒಳಗೆ ಅಕ್ಕಿ ಆರಿಸ್ತಾ ಇದ್ದೆ," ಎಂದರಂತೆ ಅಜ್ಜಿ.

ತಾಯಿಯ ಸಂತಾನದ ಕ್ರಮವನ್ನು ನಿರ್ಣಯಿಸುವ ಸಭೆಗೆ ತಾಯಂದಿರಿಗೆ ಪ್ರವೇಶವಿಲ್ಲ. ನಮ್ಮ ಸಮಾಜದ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮಿತಾ ಗೆದ್ದ ಮುಖದಲ್ಲಿ ನಮ್ಮನ್ನೆಲ್ಲ ಕೋಪರಖೈರಣೆಗೆ ಕರೆದುಕೊಂಡು ಹೋದಳು. "ಮಾವ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪು ಸೇರಿಕೊಂಡಿದೆ. ನಾವು ಕೊಡೇರ ಅಲ್ಲ, ಸಾಲೇರ. ಪ್ರಸಾದನಿಗೂ ನನಗೂ ಏನೂ ಅಡ್ಡಿಯಿಲ್ಲ," ಎಂದು ಎಳೆ ಎಳೆಯಾಗಿ ಬಿಡಿಸಿ ಹೇಳಿದಳು. ಮಾವ ಕಣ್ಣು ಮುಚ್ಚಿ ಎಲ್ಲ ಕೇಳಿದರು. ಸರಿಯಾಗಿದೆ, ಸಾಲೇರವೇ, ಎಂದು ಒಪ್ಪಿದರು. ಆಮೇಲೆ ಕಣ್ಣು ತೆರೆದು ನಿಧಾನವಾಗಿ ನನ್ನ ಕಡೆ ತಿರುಗಿದರು.

"ನೀನು ಯಾವ ಬಳಿ ಮಾರಾಯ?"

"ಸಾಲೇರ," ಎಂದೆ ನಾನು. ಹೇಳಿ ಮುಗಿಸಿದ ಮೇಲೆ ನನಗೆ ಗೊತ್ತಾಯಿತು. ನಮಿತಾಳಿಗೂ ಆಗಲೇ ಗೊತ್ತಾಯಿತು. ತನ್ನ ಮದುವೆಯನ್ನು ಸರಿ ಮಾಡುವ ಭರದಲ್ಲಿ ಅವಳು ಅಪ್ಪ-ಅಮ್ಮನನ್ನು ಅಣ್ಣ-ತಂಗಿ ಮಾಡಿಬಿಟ್ಟಿದ್ದಳು. ನನ್ನ ಅಮ್ಮನ ಊರು ಮೂಲ್ಕಿ, ಜಯಂತಿಯ ಅಮ್ಮನ ಊರು ಬೆಳ್ತಂಗಡಿ, ಎರಡು ಮನೆಯವರು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ನಾವು ಒಡಹುಟ್ಟಿದವರಾದೆವು.

ಜಯಂತಿ ನನ್ನ ಕಡೆ ಕೈ ತೋರಿಸಿದಳು. "ಅದಕ್ಕೇ ಇರಬೇಕು, ಇವರು ಇಷ್ಟು ವರ್ಷ ನನ್ನ ಜೊತೆ ಸಿನಿಮಾಕ್ಕೂ ಬರಲಿಲ್ಲ," ಎಂದಳು.

ಮಾವನಿಗೆ ನಗು ಬರಲಿಲ್ಲ. ಆ ಮದುವೆಗೆ ಒಪ್ಪಿಗೆ ಕೊಟ್ಟವರು ಅವರೇ ಅಲ್ಲವೇ. ಸಿಕ್ಕು ಹೀಗಿತ್ತು. ಜಯಂತಿ ಕೊಡೇರವೆಂದರೆ ನಮ್ಮ ಮದುವೆ ಉಳಿಯುತ್ತದೆ, ಮಗಳ ಮದುವೆ ಹೋಗುತ್ತದೆ. ಸಾಲೇರವೆಂದರೆ ಮಗಳಿಗೆ ಅಡ್ಡಿಯಿಲ್ಲ, ಆದರೆ ಒಂದೇ ಬಳಿಯವರು ಕೂಡಿ ಬಾಳಿದ ಮನೆಯ ಹುಡುಗಿಯನ್ನು ಪ್ರಸಾದನ ತಾಯಿ ಮುಟ್ಟುವುದಿಲ್ಲ. ಜಯಂತಿಯನ್ನು ಬೇರೆ ಬಳಿಗೆ ದತ್ತು ಕೊಡೋಣವೆಂದರೆ, ಅವಳ ಜೊತೆ ಮಗಳ ಬಳಿಯೂ ಬದಲಾಗಿ ಹೊಸ ವಿಚಾರಣೆ. ಮಾವ ಒಂದು ವಾರ ಊಟ ರುಚಿಸದೆ ಒದ್ದಾಡಿದರಂತೆ. ಕೊನೆಗೆ ಫೋನು ಬಂತು. ಗಂಡಸಿನ ಬಳಿ ಅವನಲ್ಲಿಗೇ ಮುಗಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಆದ್ದರಿಂದ ಯಾರಿಗೂ ತೊಂದರೆಯಾಗದಂತೆ ಎತ್ತಿ ಬೇರೆ ಕಡೆ ಇಡಬಹುದಾದ ಒಂದೇ ವಸ್ತು ನಾನು.

ಹೀಗೆ ತಲೆಯ ಕೂದಲು ನೆರೆತ ಮೇಲೆ ನಾನು ದತ್ತುಪುತ್ರನಾದೆ. ದತ್ತು ತೆಗೆದುಕೊಂಡವರು ಮಾವನ ಹೆಂಡತಿ ವನಜತ್ತೆ, ಕಾಂತೇರ ಬಳಿ. ಕೋಪರಖೈರಣೆಯ ಅವರ ಮನೆಯ ಹಾಲ್‌ನಲ್ಲಿ ಪ್ರಸಾದನ ತಾಯಿಯನ್ನು ಸಾಕ್ಷಿಯಾಗಿ ಕೂರಿಸಿ ಶಾಸ್ತ್ರ ನಡೆಯಿತು. ನಾನು ವನಜತ್ತೆಯ ತೊಡೆಯ ಮೇಲೆ ಕೂರಬೇಕಿತ್ತು. ಅವರ ಮೊಣಕಾಲಿನ ಆಪರೇಷನ್ ಆಗಿದ್ದರಿಂದ ತೊಡೆಗೆ ತಾಗಿ ಕೂತೆ. ಚಮಚದಲ್ಲಿ ಹಾಲು ಕುಡಿಸಿದರು. ನನಗೆ ಶುಗರ್ ಇದೆ, ಸಕ್ಕರೆ ಹಾಕಬೇಡಿ ಎಂದು ಜಯಂತಿ ಕೂತಲ್ಲಿಂದಲೇ ಹೇಳಿದಳು. ಕೊನೆಗೆ ಹೆತ್ತ ತಾಯಿ ನೀರು ಬಿಟ್ಟು, ಇವನು ಇನ್ನು ನನ್ನವನಲ್ಲ ಎನ್ನಬೇಕು.

ಅಮ್ಮ ತಂಬಿಗೆ ಹಿಡಿದು ನಿಂತಳು. "ಕೊಡುವುದಾದರೆ ಮೊದಲೇ ಹೇಳಬಾರದಿತ್ತಾ ತ್ಯಾಂಪಣ್ಣ, ಸಾಕುವ ಕಷ್ಟವಾದರೂ ತಪ್ಪುತ್ತಿತ್ತು," ಎಂದಳು. ಎಲ್ಲರೂ ನಕ್ಕರು. ಮೊಮ್ಮಗಳ ಕಡೆ ಒಮ್ಮೆ ನೋಡಿ, ಹೇಳಬೇಕಾದ ಮಾತನ್ನು ಸ್ಪಷ್ಟವಾಗಿ ಹೇಳಿ ನೀರು ಬಿಟ್ಟಳು.

ವಾಪಸು ಬರುವಾಗ ಥಾಣೆಯ ಗಾಡಿಯಲ್ಲಿ ಅಮ್ಮನಿಗೆ ಸೀಟು ಸಿಕ್ಕಿತು, ನಾನು ಎದುರಿಗೆ ನಿಂತಿದ್ದೆ. ಐರೋಲಿ ದಾಟಿದ ಮೇಲೆ ಅವಳು ನನ್ನ ಅಂಗಿಯ ಅಂಚು ಹಿಡಿದು ಕೆಳಗೆ ಜಗ್ಗಿದಳು. ಬಗ್ಗಿದೆ. "ಮಗುವಿಗೋಸ್ಕರ ಹೇಳಿದ್ದು, ಆಯ್ತಾ," ಎಂದಳು. ಥಾಣೆ ಬರುವ ತನಕ ಅಂಗಿ ಬಿಡಲಿಲ್ಲ.

ಮದುವೆ ಗಡದ್ದಾಗಿ ಆಯಿತು. ನಮಿತಾ ಸೀವುಡ್ಸಿನಲ್ಲಿ ಸುಖವಾಗಿದ್ದಾಳೆ. ಅವಳ ಅತ್ತೆ ಈಗ ಅವಳ ಫೋಟೊ ತೋರಿಸಿ, ನಮ್ಮ ಸೊಸೆ ವೈರಸ್ಸುಗಳ ಬಳಿ ನೋಡುತ್ತಾಳೆ ಎಂದು ಹೇಳಿಕೊಂಡು ತಿರುಗುತ್ತಾರೆ. ನಾವು ಗಂಡ-ಹೆಂಡತಿ ಮೊದಲಿನಂತೆಯೇ ಜಗಳವಾಡಿಕೊಂಡು ಇದ್ದೆವು. ದತ್ತುವಿನ ಕತೆಯನ್ನು ನಾನೇ ನೆಂಟರೆದುರು ನಟಿಸಿ ತೋರಿಸಿ ನಗಿಸುತ್ತಿದ್ದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಹೋದಳು. ಬೆಳಿಗ್ಗೆ ಚಹಾ ಕುಡಿದು ಮಲಗಿದವಳು ಏಳಲಿಲ್ಲ. ಕಟ್ಟಡದ ಕೆಳಗೆ ಚಟ್ಟ ಕಟ್ಟಿದ್ದರು, ಬೆಂಕಿಯ ಮಡಕೆ ಸಿದ್ಧವಾಗಿತ್ತು. ನಾನು ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಂದು ಕೈ ಚಾಚಿದೆ. ತ್ಯಾಂಪಣ್ಣ ಮಾವ ನನ್ನ ಕೈಯನ್ನು ಮೆಲ್ಲಗೆ ಹಿಡಿದರು.

"ನೀನು ಹಿಡಿಯುವ ಹಾಗಿಲ್ಲ ಮಾರಾಯ. ನೀನು ಕಾಂತೇರ, ಅವರು ಸಾಲೇರ. ನಿನಗೆ ಸೂತಕವೂ ಇಲ್ಲ. ಈ ಮನೆಯಲ್ಲಿ ಸಾಲೇರ ಅಂದರೆ ಈಗ ಜಯಂತಿಯೇ." ಅವರ ದನಿಯಲ್ಲಿ ಕೆಡುಕಿರಲಿಲ್ಲ. ಟಿಕೆಟ್ ಚೆಕ್ ಮಾಡುವವನಿಗೆ ಪ್ರಯಾಣಿಕನ ಮೇಲೆ ದ್ವೇಷ ಇರುತ್ತದೆಯೇ, ಹಾಗೆ. ಅಮ್ಮ ಹೋದದ್ದು ಬೆಳಿಗ್ಗೆ, ಆದರೆ ನಾನು ತಬ್ಬಲಿಯಾದದ್ದು ಆಗ. ನಗಿಸಲಿಕ್ಕೆಂದು ಅಷ್ಟು ಸಲ ಹೇಳಿದ ಕತೆಯೊಳಗೆ ಇದು ಕೂತಿತ್ತೆಂದು ನನಗೆ ತಿಳಿದಿರಲಿಲ್ಲ. ಚಿಕ್ಕ ಮಗುವಿನ ಹಾಗೆ ಅಲ್ಲೇ ನಿಂತು ಅತ್ತೆ.

ಜಯಂತಿ ಹೆಂಗಸರ ಗುಂಪಿನಿಂದ ಎದ್ದು ಬಂದಳು. "ಮಾವ, ನಾನು ಯಾವ ಬಳಿ?"

"ಸಾಲೇರ."

"ಅತ್ತೆ?"

"ಸಾಲೇರ."

"ನನ್ನ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಇಲ್ಲಿ ನಿಂತಿರುವ ಸಾಲೇರದವರಲ್ಲಿ ಹಿರಿಯರು ಯಾರು?"

ಮಾವ ಸುತ್ತ ನೋಡಿದರು. "ನೀನೇ."

"ಅಳಿಯಸಂತಾನದಲ್ಲಿ ಮನೆಯ ಯಜಮಾನಿಕೆ ಹಿರಿಯ ಹೆಂಗಸಿನದ್ದು, ಅಲ್ವಾ?"

"ಹೌದು, ಕ್ರಮ ಹಾಗೆಯೇ."

"ಹಾಗಾದರೆ ಯಜಮಾನಿ ಹೇಳ್ತಾ ಇದ್ದೇನೆ. ಮಡಕೆ ಅವರ ಮಗನೇ ಹಿಡಿಯುವುದು. ಸೂತಕ ನಾವಿಬ್ಬರೂ ಮಾಡುವುದು. ನೀವು ಮುಂದೆ ನಡೆಯಿರಿ."

ಮಾವ ಎಷ್ಟು ಹುಡುಕಿದರೂ ಅದರಲ್ಲಿ ಕ್ರಮ ತಪ್ಪಿದ್ದು ಅವರಿಗೆ ಸಿಗಲಿಲ್ಲ. ಕೊನೆಗೆ ಮುಂದೆ ಹೋಗಿ ಗೇಟಿನ ಎದುರಿದ್ದ ಸ್ಕೂಟರುಗಳನ್ನು ಬದಿಗೆ ಸರಿಸತೊಡಗಿದರು. ಜಯಂತಿ ಮಡಕೆಯನ್ನು ನನ್ನ ಕೈಗೆ ಕೊಟ್ಟಳು. ಸ್ಮಶಾನದ ತನಕ ಅಮ್ಮನ ಮುಂದೆ ನಾನೇ ನಡೆದೆ.

ಈಗ ಮಾವನಿಗೆ ಬಳಿಯ ವಿಷಯದಲ್ಲಿ ಏನೇ ಸಂಶಯ ಬರಲಿ, ಫೋನು ಜಯಂತಿಗೆ ಬರುತ್ತದೆ. ಇವಳು ಎಲ್ಲ ಕೇಳಿ, "ಹುಡುಗಿಯ ಅಮ್ಮನನ್ನು ಕೇಳಿದಿರಾ ಮಾವ?" ಎನ್ನುತ್ತಾಳೆ. ಅಲ್ಲಿಗೆ ಆ ಕಡೆ ದೊಡ್ಡದೊಂದು ನಿಟ್ಟುಸಿರು ಕೇಳಿಸುತ್ತದೆ. ಈ ಬೆಳಿಗ್ಗೆಯೂ ಅವಳು ಸ್ಟೂಲಿನ ಮೇಲಿದ್ದಾಗಲೇ ಫೋನು ಬಂತು. ನಾನು ಎತ್ತಿದೆ. ಆ ಕಡೆಯಿಂದ ಪರಿಚಯವಿಲ್ಲದ ಯಾರೋ, ಮಾವನೇ ನಂಬರ್ ಕೊಟ್ಟರಂತೆ, ಮಗನಿಗೆ ಸಂಬಂಧ ನೋಡುತ್ತಿದ್ದರು. ಮೊದಲು ನನ್ನನ್ನೇ ವಿಚಾರಿಸಿದರು, ತಾವು ಯಾರ ಪೈಕಿ ಎಂದು. ನಾನು ಸುಂದರಿಯ ಮಗ ಎಂದೆ. ಅದಲ್ಲ, ಬಳಿ ಯಾವುದು ಎಂದು ಕೇಳಿದರು. ಸುಂದರಿಯ ಮಗ ಎಂದು ಇನ್ನೊಮ್ಮೆ ಹೇಳಿದೆ.